ಬ್ರೇಕಕ್ಕನ ಬಲಗಾಲು

ಆಕೆಯ ಬಲಗಾಲಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅದೊಂದು ಗೊತ್ತಿಲ್ಲದಿದ್ದರೆ ಮುಂದಿನದ್ಯಾವುದೂ ನಿಮ್ಮ ತಲೆಗೆ ಹತ್ತುವುದಿಲ್ಲ, ಆಮೇಲೆ ನನ್ನನ್ನು ಬೈಯಬೇಡಿ.

ಸುಮಾರು ಇಪ್ಪತ್ತು ವರ್ಷ ಆಕೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಟೀಚರಾಗಿದ್ದಳು. ಕಲಿಯುವವರು ಸ್ಟೀರಿಂಗ್ ಹಿಡಿದು ಬೆವರುತ್ತಿದ್ದರೆ ಪಕ್ಕದ ಸೀಟಿನಲ್ಲಿ ಆಕೆ ಕೂತಿರುತ್ತಿದ್ದಳು. ಅಲ್ಲಿ ಆಕೆಯ ಕಾಲಬುಡದಲ್ಲಿ ಇನ್ನೊಂದು ಬ್ರೇಕ್ ಇತ್ತು. ಕಾರು ಕಂಬದ ಕಡೆಗೋ, ಲಾರಿಯ ಕಡೆಗೋ, ಯಾರದೋ ಕಾಂಪೌಂಡಿನ ಕಡೆಗೋ ಮುಖ ಮಾಡಿದರೆ ಆಕೆಯ ಬಲಗಾಲು ಒತ್ತುತ್ತಿತ್ತು, ಕಾರು ನಿಲ್ಲುತ್ತಿತ್ತು, ಎಲ್ಲರ ಜೀವ ಉಳಿಯುತ್ತಿತ್ತು. ಇಪ್ಪತ್ತು ವರ್ಷ ಒತ್ತಿದ ಕಾಲು ಸುಮ್ಮನಿರುತ್ತದೆಯೇ? ಟೀವಿಯಲ್ಲಿ ಕಾರು ಜೋರಾಗಿ ಹೋದರೆ ಒತ್ತುತ್ತಿತ್ತು. ಗಂಡ ಬಿಸಿ ಚಹಾ ತುಂಬಿದ ಲೋಟ ಹಿಡಿದು ವೇಗವಾಗಿ ಬಂದರೆ ಒತ್ತುತ್ತಿತ್ತು. ನಿದ್ದೆಯಲ್ಲಿ ಆ ಬಡಪಾಯಿಯ ಮೀನಖಂಡವನ್ನೇ ಒತ್ತುತ್ತಿತ್ತು. ಬೀದಿಯಲ್ಲಿ ಎಲ್ಲರೂ ಆಕೆಯನ್ನು ಬ್ರೇಕಕ್ಕ ಅಂತಲೇ ಕರೆಯುತ್ತಿದ್ದರು. ಆಕೆಗೂ ಅದರ ಬಗ್ಗೆ ಬೇಜಾರಿರಲಿಲ್ಲ.

ಇನ್ನೊಂದು ವಿಷಯವೂ ಉಂಟು, ಅದು ಹ್ಯಾಂಡ್‌ಬ್ರೇಕಿನದು. ಕಾರು ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯುವುದು ಕಲಿಯುವವರ ಕೆಲಸ. ಬಾಯಲ್ಲಿ ಹೇಳುವುದು ಮಾತ್ರ ಟೀಚರ ಕೆಲಸ. ದಿನಕ್ಕೆ ಎಷ್ಟು ಸಲ ಕಾರು ನಿಲ್ಲುತ್ತಿತ್ತೋ ಅಷ್ಟು ಸಲ ಆಕೆ "ಹ್ಯಾಂಡ್‌ಬ್ರೇಕ್!" ಅನ್ನುತ್ತಿದ್ದಳು, ಪಕ್ಕದವರು ಎಳೆಯುತ್ತಿದ್ದರು. ಆಕೆ ಹೇಳಿದಳು ಎಂದರೆ ಬ್ರೇಕ್ ಬಿತ್ತು ಎಂದೇ ಲೆಕ್ಕ. ಸ್ವಂತ ಕೈಯಿಂದ ಅದನ್ನು ಎಳೆದದ್ದು ಯಾವ ಕಾಲದಲ್ಲೋ, ಆಕೆಗೇ ನೆನಪಿರಲಿಲ್ಲ.

ಇಂಥವಳು ನಲವತ್ತೈದು ದಾಟಿದ ಮೇಲೆ ನರ್ಸ್ ಆಗುತ್ತೇನೆ ಎಂದು ಹೊರಟಳು.

ಆದದ್ದಿಷ್ಟು. ಗಂಡನಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ಆಪರೇಷನ್ ಆಯಿತು. ಕನ್ನಡಕದಂಗಡಿ ಇಟ್ಟುಕೊಂಡಿರುವ ತಣ್ಣನೆಯ ಮನುಷ್ಯ ಆತ, ಜೋರಾಗಿ ಸೀನಿದವನೂ ಅಲ್ಲ. ಆಪರೇಷನ್ ಆದ ಮೇಲೆ ಮಾತ್ರ ಕೆಮ್ಮುವುದಕ್ಕೂ ಹೆದರಿ ಹಾಸಿಗೆಯಲ್ಲಿ ಮುದುಡಿಕೊಂಡ. ಆಗ ನರ್ಸೊಬ್ಬಳು ಬಂದು, ಅವನ ಹೊಟ್ಟೆಗೊಂದು ದಿಂಬು ಒತ್ತಿಕೊಟ್ಟು, "ಇದನ್ನ ಅಪ್ಪಿ ಹಿಡ್ಕೊಂಡು ಕೆಮ್ಮಿ, ನಾನು ಇಲ್ಲೇ ಇದೀನಿ" ಎಂದಳು. ಅವನು ಕೆಮ್ಮಿದ. ಏನೂ ಹರಿದುಹೋಗಲಿಲ್ಲ. ಅವನ ಮುಖ ಅರಳಿದ್ದನ್ನು ಬ್ರೇಕಕ್ಕ ಸ್ಟೂಲಿನ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡಿದಳು. ಮೊದಲ ಸಲ ತಾವಾಗಿಯೇ ಕಾರು ತಿರುಗಿಸಿದವರ ಮುಖ ಹಾಗೆಯೇ ಇರುತ್ತಿತ್ತು. ಅದೇ ಕೆಲಸ, ಆದರೆ ಇಲ್ಲಿ ಪೆಟ್ರೋಲ್ ವಾಸನೆ ಇಲ್ಲ, ಹಾರ್ನ್ ಇಲ್ಲ, ಮತ್ತು ಧೈರ್ಯ ನಿಜವಾಗಿಯೂ ಬೇಕಾದವರಿಗೇ ಸಿಗುತ್ತದೆ. ಅವತ್ತು ತಲೆಯೊಳಗೆ ಹೊಕ್ಕ ಹುಳ ಆಮೇಲೆ ಹೊರಗೆ ಬರಲೇ ಇಲ್ಲ.

ಊಟಕ್ಕೆ ಕೂತಾಗ ವಿಷಯ ತೆಗೆದಳು. ಗಂಡ ಕನ್ನಡಕ ತೆಗೆದು ಒರೆಸಿಕೊಂಡ. ದೊಡ್ಡ ಸುದ್ದಿ ಯಾವುದೇ ಬಂದರೂ ಅವನು ಮಾಡುವುದು ಅದೊಂದೇ. ಅತ್ತೆ ಮಾತ್ರ ಬಾಯಿಗಿಟ್ಟ ತುತ್ತನ್ನು ಅಲ್ಲೇ ತಡೆದರು.

"ಈ ವಯಸ್ಸಲ್ಲಿ ಜನ ಆಸ್ಪತ್ರೆಗೆ ಹೋಗಿ ಮಲಕ್ಕೊಳ್ತಾರೆ ಕಣಮ್ಮ. ನೀನು ಕೆಲಸಕ್ಕೆ ಹೋಗ್ತೀನಿ ಅಂತೀಯಲ್ಲ!"

"ಮಲಕ್ಕೊಂಡೋರನ್ನ ಎಬ್ಬಿಸೋಕೇ ಹೋಗ್ತೀನಿ ಅತ್ತೆ."

"ಹೋಗು ಹೋಗು. ನಾಳೆ ನಂಗೆ ಏನಾದ್ರೂ ಆದ್ರೆ ನಿನ್ನ ಕೈಗೆ ಮಾತ್ರ ಕೊಡ್ಬೇಡಿ ಅಂತ ಈಗ್ಲೇ ಹೇಳಿಟ್ಟಿರ್ತೀನಿ," ಎಂದ ಅತ್ತೆ ತಟ್ಟೆಗೆ ಇನ್ನೊಂದಿಷ್ಟು ಬಡಿಸಿಕೊಂಡರು. ಒಪ್ಪಿಗೆ ಇಲ್ಲದಿದ್ದರೆ ಅವರು ಊಟ ಬಿಟ್ಟು ಏಳುತ್ತಿದ್ದರು. ಹಾಗಾಗಿ ಬ್ರೇಕಕ್ಕನಿಗೆ ಧೈರ್ಯ ಬಂತು.

ನರ್ಸಿಂಗ್ ಶಾಲೆಯಲ್ಲಿ ಜೊತೆಗಿದ್ದವರೆಲ್ಲ ಆಕೆಯ ಅರ್ಧ ವಯಸ್ಸಿನವರು. ಮೊದಲ ದಿನ ಆಕೆ ಒಳಗೆ ಬಂದಾಗ ಪಾಠ ಹೇಳುವವರೇ ಬಂದರೆಂದು ಎಲ್ಲರೂ ಎದ್ದು ನಿಂತರು. ಆಕೆ "ಕೂತ್ಕೊಳ್ರಪ್ಪಾ" ಎಂದು ಹೇಳಿ ಕೊನೆಯ ಬೆಂಚಿಗೆ ಹೋಗಿ ಕೂತ ಮೇಲೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಮೂಳೆಗಳ ಹೆಸರು ಬಾಯಿಪಾಠ ಮಾಡುವುದರಲ್ಲಿ ಅವರು ಮುಂದೆ. ಹೆದರಿದ ರೋಗಿಯ ಹತ್ತಿರ ಮಾತಾಡುವುದರಲ್ಲಿ ಈಕೆ ಮುಂದೆ. ಸೂಜಿ ಕಂಡರೆ ಕೂಗಾಡುವವರನ್ನೂ "ಎಲ್ಲಿ, ಉಸಿರು ತಗೊಳ್ಳಿ, ಕನ್ನಡಿ ನೋಡಿ, ಹೊರಡೋಣ" ಎಂದು ಅಭ್ಯಾಸದ ಮಾತಿನಲ್ಲೇ ಸಮಾಧಾನ ಮಾಡುತ್ತಿದ್ದಳು. ಕನ್ನಡಿ ಎಲ್ಲಿದೆ ಎಂದು ಅವರು ಹುಡುಕುವಷ್ಟರಲ್ಲಿ ಸೂಜಿ ಹೋಗಿ ಬಂದಾಗಿರುತ್ತಿತ್ತು.

ಎಲ್ಲ ಚೆನ್ನಾಗಿಯೇ ಇತ್ತು, ಆ ಚಕ್ರದ ಕುರ್ಚಿಯ ಅವಾಂತರ ಆಗುವ ತನಕ.

ವಾರ್ಡಿನ ಚಕ್ರದ ಕುರ್ಚಿಗಳ ಹಿಂದೆ, ಚಕ್ರದ ಪಕ್ಕದಲ್ಲಿ, ಕಾಲಿನಿಂದ ಒತ್ತುವ ಲಾಕ್ ಇರುತ್ತದೆ. ಒತ್ತಿದರೆ ಟಕ್ ಎಂದು ಚಕ್ರಗಳು ಕಚ್ಚಿಕೊಳ್ಳುತ್ತವೆ. ರೋಗಿಯನ್ನು ಕೂರಿಸುವ ಮೊದಲು ಒತ್ತಲೇಬೇಕು. ಬ್ರೇಕಕ್ಕ ಅವತ್ತು ಬೇಕರಿಯವರೊಬ್ಬರನ್ನು ಹಾಸಿಗೆಯಿಂದ ಕುರ್ಚಿಗೆ ದಾಟಿಸುತ್ತಿದ್ದಳು. ಬೇಕರಿಯವರು ತಮ್ಮ ಮಾಲನ್ನು ತಾವೇ ಚೆನ್ನಾಗಿ ರುಚಿ ನೋಡಿದವರು, ಭಾರೀ ಶರೀರ. ಕುರ್ಚಿ ತಂದಳು. "ಹ್ಯಾಂಡ್‌ಬ್ರೇಕ್!" ಎಂದು ಬಾಯಿತುಂಬ ಹೇಳಿದಳು. ಹೇಳಿದ ಮೇಲೆ ಬಿತ್ತು ಎಂದೇ ಲೆಕ್ಕ ತಾನೇ? ಬೇಕರಿಯವರು ಕೂರಲು ಹೋದರು, ಕುರ್ಚಿ ಹಿಂದಕ್ಕೆ ಹೊರಟುಹೋಯಿತು. ಆಕೆ ಅವರ ಸೊಂಟ ತಬ್ಬಿ ಹಿಡಿದಳು, ಬಲಗಾಲಿನಲ್ಲಿ ನೆಲವನ್ನು ಶಕ್ತಿಮೀರಿ ಒತ್ತಿದಳು, ನೆಲ ನಿಲ್ಲಿಸಲಿಲ್ಲ. ಇಬ್ಬರೂ ಹೋಗಿ ಒಗೆದ ಬೆಡ್‌ಶೀಟುಗಳ ಗಾಡಿಯಲ್ಲಿ ಬಿದ್ದರು. ಪುಣ್ಯಕ್ಕೆ ಇಬ್ಬರಿಗೂ ಒಂದು ಗೀರೂ ಆಗಲಿಲ್ಲ. ಬೇಕರಿಯವರಂತೂ "ಮೆತ್ತಗಿತ್ತು" ಎಂದರು.

ವಾರ್ಡಿನ ಹಿರಿಯ ಸಿಸ್ಟರ್‌ಗೆ ನಗು ಬರಲಿಲ್ಲ. ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು ಅವರು.

"ಲಾಕ್ ಹಾಕಿದ್ರಾ?"

"ಹೇಳ್ದೆ ಸಿಸ್ಟರ್."

"ಯಾರಿಗೆ ಹೇಳಿದ್ರಿ? ಬಾಯಲ್ಲಿ ಹೇಳಿದ್ರೆ ಕೇಳ್ಕೊಳ್ಳೋಕೆ ಚಕ್ರಕ್ಕೇನು ಕಿವಿ ಇದೆಯಾ?"

ಸಿಸ್ಟರ್ ಅಲ್ಲಿಗೇ ಬಿಡಲಿಲ್ಲ. "ಕೊನೇ ಪರೀಕ್ಷೆಗೆ ನಿಮಗೆ ಇದೇ ಕೆಲಸ ಕೊಡ್ತೀನಿ. ರೋಗೀನ ಹಾಸಿಗೆಯಿಂದ ಕುರ್ಚಿಗೆ ಕೂರಿಸ್ಬೇಕು. ಅವರು ಕೂರೋಕೆ ಮುಂಚೆ ಲಾಕ್ ಬಿದ್ದಿಲ್ಲ ಅಂದ್ರೆ ಅಲ್ಲಿಗೆ ಮುಗೀತು, ಇಡೀ ವರ್ಷ ಮತ್ತೆ ಮಾಡಿ. ಯಾರೂ ನೆನಪು ಮಾಡೋ ಹಾಗಿಲ್ಲ, ನಾನೂ ಮಾಡಲ್ಲ."

ಇಡೀ ವರ್ಷ! ಡ್ರೈವಿಂಗ್ ಸ್ಕೂಲಿನಲ್ಲಿ ಆಕೆಯ ಸೀಟಿಗೆ ಆಗಲೇ ಬೇರೆಯವರು ಬಂದಿದ್ದರು. ಇಷ್ಟು ದಿನ ಅಂಗಡಿ ಮುಚ್ಚಿ ಬಂದು ಗಂಡನೇ ಅಡುಗೆ ಮಾಡಿದ್ದ. ಅದನ್ನು ಅತ್ತೆ ಮೂಗು ಮುರಿದುಕೊಂಡೇ ಉಂಡಿದ್ದರು. ಅದೆಲ್ಲ ಹಾಗಿರಲಿ. ಆಕೆಗೆ ಈ ಕೆಲಸ ಬೇಕಿತ್ತು, ಬಹಳ ಬೇಕಿತ್ತು. ಇಷ್ಟೊಂದು ಬೇಕೆನಿಸಿದ್ದು ಜೀವನದಲ್ಲಿ ಇನ್ನೇನೂ ಇರಲಿಲ್ಲ. ಅದು ಕೈತಪ್ಪಿದರೆ ಯಾವ ಮುಖ ಇಟ್ಟುಕೊಂಡು ಮತ್ತೆ ಆ ಕೊನೆಯ ಬೆಂಚಿನಲ್ಲಿ ಕೂರುವುದು?

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಗಂಡ ಅಂಗಡಿಯಲ್ಲಿ ಕೂರುವ, ಕೆಳಗೆ ಪುಟ್ಟ ಚಕ್ರಗಳಿರುವ ಕುರ್ಚಿ ಬಂತು. ರೋಗಿ ಯಾರು? ಅತ್ತೆ ತಾವಾಗಿಯೇ ಮುಂದೆ ಬಂದು ದಿವಾನದ ಮೇಲೆ ಮಲಗಿಬಿಟ್ಟರು.

"ಅಯ್ಯಯ್ಯೋ, ಸತ್ತೆ! ಸೊಂಟ ಹೋಯ್ತು! ಯಾರಾದ್ರೂ ಬನ್ರೋ!"

"ಅತ್ತೆ, ಸ್ವಲ್ಪ ಮೆಲ್ಲಗೆ ನರಳಿ. ಪಕ್ಕದ ಮನೆಯೋರು ಬರ್ತಾರೆ."

"ಬರ್ಲಿ ಬಿಡು. ರೋಗಿ ಅಂದ್ಮೇಲೆ ರೋಗಿ ಥರ ಇರ್ಬೇಕು ತಾನೇ?"

ಪಕ್ಕದ ಮನೆಯವರು ಬಂದೇ ಬಂದರು. ಬಂದವರು ಕೂತು ಚಹಾ ಕುಡಿದು ತಮಾಷೆ ನೋಡಿಕೊಂಡು ಹೋದರು. ಆ ಕುರ್ಚಿಗೆ ಲಾಕ್ ಇರಲಿಲ್ಲವಾದ್ದರಿಂದ ಗಂಡ ಅದರ ಹಿಂದೆ ಒಂದು ಇಟ್ಟಿಗೆ ಇಟ್ಟ; ಇದು ಲಾಕ್, ಇದನ್ನು ಕಾಲಿನಿಂದ ಮುಟ್ಟಿದ ಮೇಲೇ ಅಮ್ಮನನ್ನು ಕೂರಿಸಬೇಕು ಎಂದು ಒಪ್ಪಂದವಾಯಿತು. ಮೂರು ಸಲಕ್ಕೆ ಒಂದು ಸಲ ಆಕೆ ಮುಟ್ಟುತ್ತಿದ್ದಳು. ಮಿಕ್ಕ ಎರಡು ಸಲ ಬಾಯಿ ಮಾತ್ರ "ಹ್ಯಾಂಡ್‌ಬ್ರೇಕ್!" ಅನ್ನುತ್ತಿತ್ತು. ಈ ಹಾಳು ಕಾಲು ಬೇಡದ ಕಡೆಯೆಲ್ಲ ಒತ್ತುತ್ತಿತ್ತು, ಬೇಕಾದ ಕಡೆ ಮಾತ್ರ ಮುಷ್ಕರ ಹೂಡುತ್ತಿತ್ತು.

"ಆಗುತ್ತೆ ಬಿಡೇ," ಎಂದ ಗಂಡ, ಕನ್ನಡಕ ಒರೆಸಿಕೊಳ್ಳುತ್ತ.

"ಎಲ್ಲಿ ಆಗುತ್ರೀ? ನನ್ನ ಬಾಯಿ ಹೇಳಿದ್ದನ್ನ ನನ್ನ ಕಾಲೇ ಕೇಳಲ್ಲ."

ಪರೀಕ್ಷೆಯ ದಿನ ಬೆಳಿಗ್ಗೆ ಸಿಸ್ಟರ್ ಆಕೆಯನ್ನು ಕಿಟಕಿಯ ಪಕ್ಕದ ಹಾಸಿಗೆಯ ಹತ್ತಿರ ಕರೆದುಕೊಂಡು ಹೋದರು. "ಇವರೇ ನಿಮ್ಮ ರೋಗಿ. ಸೊಂಟದ ಆಪರೇಷನ್ ಆಗಿದೆ. ವಾಕರ್ ಹಿಡ್ಕೊಂಡು ನಿಲ್ತಾರೆ, ಕೂರೋಕೆ ಸ್ವಲ್ಪ ಹಠ."

ಹಾಸಿಗೆಯಲ್ಲಿದ್ದವರು ಪೇಪರನ್ನು ಮುಖದಿಂದ ಕೆಳಗಿಳಿಸಿದರು. ಬ್ರೇಕಕ್ಕ ಒಂದೇ ನೋಟಕ್ಕೆ ಗುರುತು ಹಿಡಿದಳು. ಅದೇ ಮೀಸೆ, ಅದೇ ಅರೆಮುಚ್ಚಿದ ಕಣ್ಣು. ಫೇಲಪ್ಪ!

ಇವರು ಯಾರೆಂದು ಹೇಳಬೇಕು. ಡ್ರೈವಿಂಗ್ ಲೈಸೆನ್ಸ್ ಕೊಡುವ ಮೊದಲು ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ್ ಆಗಿದ್ದವರು, ಈಗ ನಿವೃತ್ತರು. ಆಕೆಯ ಶಿಷ್ಯರನ್ನು ಸಾಲಾಗಿ ಫೇಲ್ ಮಾಡಿ ಆ ಹೆಸರು ಗಳಿಸಿದ್ದರು. ಶಿಷ್ಯರು ಎಲ್ಲ ಸರಿಯಾಗಿ ಓಡಿಸಿ, ಕೊನೆಗೆ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯುವುದನ್ನು ಮರೆಯುತ್ತಿದ್ದರು. ಯಾಕೆ ಮರೆಯುತ್ತಿದ್ದರು? ಹೇಳುವ ಟೀಚರು ಕಾರಿನಲ್ಲಿರುತ್ತಿರಲಿಲ್ಲವಲ್ಲ, ಅದಕ್ಕೆ! ಟೀಚರು ಮೈದಾನದ ಅಂಚಿನಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ, ಎರಡೂ ಕೈ ಎತ್ತಿ ಬೀಸಿ, ಎಳೆಯುವ ಹಾಗೆ ಅಭಿನಯಿಸಿ ಕುಣಿದಾಡುತ್ತಿದ್ದಳು. ಈ ಮನುಷ್ಯ ಮಾತ್ರ ನಿಂತ ಕಾರಿನಿಂದ ಇಳಿಯುತ್ತಲೇ ಇರಲಿಲ್ಲ. ತುಟಿ ಬಿಚ್ಚದೆ, ನೆಟ್ಟಗೆ ಎದುರಿಗೆ ನೋಡುತ್ತ, ಎದುರಿನ ಡ್ಯಾಶ್‌ಬೋರ್ಡಿನ ಮೇಲೆ ಬೆರಳು ಬಡಿಯುತ್ತ ಕೂತೇ ಇರುತ್ತಿದ್ದ. ಆಮೇಲೆ ಫೇಲ್ ಎಂದು ಬರೆದು ಇಳಿದುಬರುತ್ತಿದ್ದ. ನೋಡಿ, ಎಷ್ಟು ಆನಂದಪಡ್ತಾನೆ, ಎಂದು ಬ್ರೇಕಕ್ಕ ಹಲ್ಲು ಕಡಿಯುತ್ತಿದ್ದಳು. ಒಂದು ಸಲ ತಡೆಯಲಾರದೆ ಕೇಳಿಯೂ ಬಿಟ್ಟಿದ್ದಳು: "ಸಾರ್, ನಿಮಗೆ ಪಾಸ್ ಅಂತ ಬರೆಯೋಕೆ ಬರಲ್ವಾ?" ಅದಕ್ಕೆ ಆತ, "ಬರುತ್ತೆ ಟೀಚರ್. ಬರೆಸ್ಕೊಳ್ಳೋರು ಬರ್ಬೇಕು," ಎಂದು ಹೇಳಿ ಹೋಗಿದ್ದ.

ಈಗ ಆ ಅರೆಮುಚ್ಚಿದ ಕಣ್ಣು ಆಕೆಯ ಬಿಳಿ ಯೂನಿಫಾರ್ಮನ್ನು ಮೇಲಿಂದ ಕೆಳಗೆ ನೋಡಿತು.

"ಏನ್ ಟೀಚರ್, ಕಾರು ಬಿಟ್ಟು ಇಲ್ಲಿ?"

"ಕಲೀತಾ ಇದೀನಿ ಸಾರ್. ಇವತ್ತು ಪರೀಕ್ಷೆ."

"ಓಹೋ!" ಎಂದರು ಇನ್ಸ್‌ಪೆಕ್ಟರು. ಅಷ್ಟೇ. ಆ ಓಹೋ ಕೇಳಿ ಬ್ರೇಕಕ್ಕನಿಗೆ ಅಳು ಬಂದಂತಾಯಿತು. ತನ್ನ ಶಿಷ್ಯರನ್ನೆಲ್ಲ ಮುಗಿಸಿದವನು ಈಗ ತನ್ನನ್ನೂ ಮುಗಿಸಲು ಸೊಂಟ ಮುರಿದುಕೊಂಡು ಬಂದು ಮಲಗಿದ್ದಾನೆ!

ಸಿಸ್ಟರ್ ಹಾಸಿಗೆಯ ಆ ಕಡೆ ಹೋಗಿ ನಿಂತರು. "ಶುರು ಮಾಡಿ."

ಮಾಡಿದಳು. ಕೈ ತೊಳೆದಳು. ಏನು ಮಾಡುತ್ತೇವೆಂದು ಅವರಿಗೆ ವಿವರಿಸಿದಳು. ಚಪ್ಪಲಿ ಜಾರದಂತಿದೆಯೇ ನೋಡಿದಳು. ಸೊಂಟಕ್ಕೆ ಹಿಡಿದುಕೊಳ್ಳುವ ಪಟ್ಟಿ ಕಟ್ಟಿದಳು. ಕುರ್ಚಿ ತಂದು ಓರೆಯಾಗಿ ನಿಲ್ಲಿಸಿದಳು. ಮತ್ತು, ನಂಬಿದರೆ ನಂಬಿ ಬಿಟ್ಟರೆ ಬಿಡಿ, ಅಷ್ಟೊಂದು ಅಭ್ಯಾಸದ ಮೇಲೂ, ಆ ಇಟ್ಟಿಗೆ, ಆ ಅತ್ತೆ, ಆ ನರಳಾಟ ಎಲ್ಲದರ ಮೇಲೂ, ಬಾಯಿ ಮೆಲ್ಲಗೆ "ಹ್ಯಾಂಡ್‌ಬ್ರೇಕ್" ಎಂದಿತು, ಮನಸ್ಸು ಆ ಕೆಲಸ ಮುಗಿಯಿತೆಂದು ಮುಂದೆ ಹೋಯಿತು. ಕಾಲು ಎತ್ತಲೇ ಇಲ್ಲ. ಸಿಸ್ಟರ್ ತುಟಿ ಬಿಗಿದರು, ಏನೂ ಹೇಳಲಿಲ್ಲ.

"ಏಳಿ ಸಾರ್. ವಾಕರ್ ಹಿಡ್ಕೊಳ್ಳಿ. ಈಗ ನಿಧಾನಕ್ಕೆ ತಿರುಗಿ. ಹಾಂ. ಇನ್ನು ರಿವರ್ಸ್ ಬನ್ನಿ. ಇನ್ನೂ ಸ್ವಲ್ಪ. ಕಾಲಿನ ಹಿಂದೆ ಸೀಟು ತಾಗೋ ತನಕ ಬನ್ನಿ."

ಇನ್ಸ್‌ಪೆಕ್ಟರು ಹೇಳಿದ ಹಾಗೆಯೇ ಬಂದರು. ಆಕೆ ಪಟ್ಟಿ ಹಿಡಿದು ಪಕ್ಕದಲ್ಲಿಯೇ ಇದ್ದಳು. ಅವರ ಮೀನಖಂಡಕ್ಕೆ ಸೀಟಿನ ಅಂಚು ತಾಗಿತು. ತಾಗಿದ್ದೇ ತಡ, ಕುರ್ಚಿ ಬೆರಳಿನಷ್ಟು ಹಿಂದಕ್ಕೆ ಸರಿಯಿತು. ಅದು ಅವರೊಬ್ಬರಿಗೆ ಮಾತ್ರ ಗೊತ್ತಾಯಿತು.

"ಕೂತ್ಕೊಳ್ಳಿ ಸಾರ್."

ಅವರು ಕೂರಲಿಲ್ಲ.

"ಸಾರ್, ಕೂತ್ಕೊಳ್ಳಿ. ನಾನು ಹಿಡ್ಕೊಂಡಿದೀನಿ."

ಇಲ್ಲ. ಕಂಬದ ಹಾಗೆ ನಿಂತರು. ಎದುರಿನ ಗೋಡೆಯನ್ನೇ ನೋಡುತ್ತ ನಿಂತರು. ಆಪರೇಷನ್ ಆದ ಕಾಲು ನಡುಗತೊಡಗಿತು, ಹಣೆಯಲ್ಲಿ ಬೆವರು ಮೂಡಿತು. ನೋವು ಎಷ್ಟಿತ್ತೆಂದು ಬಿಗಿದ ದವಡೆಯಲ್ಲೇ ಕಾಣುತ್ತಿತ್ತು. ಆದರೂ ತುಟಿ ಬಿಚ್ಚಲಿಲ್ಲ.

ಹಠಮಾರಿ! ಇವತ್ತೂ ಕಾಡೋಕೇ ಹೀಗೆ ಮಾಡ್ತಿದ್ದಾನೆ! ಎಂದು ಬ್ರೇಕಕ್ಕನ ಪಿತ್ತ ನೆತ್ತಿಗೇರಿತು. ಹೆಗಲು ಹಿಡಿದು ಒತ್ತಿ ಕೂರಿಸಿಬಿಡಲೇ ಎನಿಸಿತು. ಆದರೆ ಆ ಬೆವರು ನೋಡಿ ಕೈ ಬರಲಿಲ್ಲ. ಸಿಟ್ಟು ನುಂಗಿಕೊಂಡು, ಹೆದರಿದವರನ್ನು ನೋಡುವ ಹಾಗೆ ಅವರ ಮುಖ ನೋಡಿದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಕಣ್ಣು ಕೆಳಗಿಳಿಯಿತು. ವಾಕರಿನ ಹಿಡಿಯ ಮೇಲೆ ಅವರ ತೋರುಬೆರಳು ಮೆಲ್ಲಗೆ ಬಡಿಯುತ್ತಿತ್ತು. ಟಕ್. ಟಕ್. ಟಕ್.

ಈ ಬೆರಳು ಆಕೆಗೆ ಗೊತ್ತಿತ್ತು. ನಿಂತ ಕಾರಿನ ಕಿಟಕಿಯಾಚೆ ಎಷ್ಟು ಸಲ ನೋಡಿದ್ದಳು! ಕಾರು ನಿಂತಿದೆ, ಬೆರಳು ಬಡಿಯುತ್ತಿದೆ, ಶಿಷ್ಯ ಏನು ಮರೆತಿದ್ದಾನೆ?

ಅಯ್ಯೋ ದೇವರೇ!

ಬಲಗಾಲು ಹಿಂದೆ ಹೋಯಿತು. ಈ ಸಲ ಬಾಯಿ ಏನೂ ಹೇಳಲಿಲ್ಲ. ಕಾಲು ತಾನೇ ಹುಡುಕಿ ಲಾಕನ್ನು ಒತ್ತಿತು. ಟಕ್ ಎಂದು ಚಕ್ರ ಕಚ್ಚಿಕೊಂಡಿತು.

ಆ ಶಬ್ದ ಕೇಳಿದ ಮೇಲೆ ಇನ್ಸ್‌ಪೆಕ್ಟರು ಕೈ ಹಿಂದೆ ಚಾಚಿ, ಕುರ್ಚಿಯ ತೋಳು ಹಿಡಿದು, ಮಹಾರಾಜರ ಹಾಗೆ ಕೂತರು. ಕೂತ ಮೇಲೆ ಉಸಿರು ಬಿಟ್ಟರು.

"ಯಾಕೆ ಅಷ್ಟೊತ್ತು ನಿಂತ್ರಿ?" ಎಂದು ಸಿಸ್ಟರ್ ಕೇಳಿದರು.

"ಕಾಲು ಚಾಚಿ ಬಹಳ ದಿನ ಆಗಿತ್ತು. ನಿಲ್ಲೋಣ ಅನ್ನಿಸ್ತು."

ಸಿಸ್ಟರ್ ಅವರನ್ನೊಮ್ಮೆ ನೋಡಿದರು, ಲಾಕನ್ನೊಮ್ಮೆ ನೋಡಿದರು, ಬ್ರೇಕಕ್ಕನ ಬಿಳಿಚಿದ ಮುಖವನ್ನೊಮ್ಮೆ ನೋಡಿದರು. "ಕೂರೋಕೆ ಮುಂಚೆ ಬಿತ್ತು. ಯಾರೂ ಬಾಯಿ ಬಿಟ್ಟು ಹೇಳ್ಲಿಲ್ಲ. ಪಾಸ್," ಎಂದರು. "ಆದ್ರೆ ಇನ್ನೊಂದು ಸಲ ಹೀಗೆ ಕೊನೇ ಗಳಿಗೇಲಿ ಒತ್ತಿದ್ರೆ ಬೆಡ್‌ಶೀಟ್ ಗಾಡಿಗೆ ನಾನೇ ನಿಮ್ಮನ್ನ ತಳ್ತೀನಿ." ಇಷ್ಟು ಹೇಳಿ ಮುಂದಿನ ಹಾಸಿಗೆಗೆ ಹೋದರು. ಅವರು ನಕ್ಕರೆಂದು ಪಕ್ಕದ ಹಾಸಿಗೆಯವರು ಆಮೇಲೆ ಹೇಳಿದರು, ನನಗೆ ನಂಬಿಕೆ ಇಲ್ಲ.

ಬ್ರೇಕಕ್ಕ ನೀರಿನ ಲೋಟ ತಂದು ಇನ್ಸ್‌ಪೆಕ್ಟರ ಕೈಗಿಟ್ಟಳು. ಅಷ್ಟು ಮಾಡುವಷ್ಟರಲ್ಲಿ ಕಣ್ಣೀರು ಬಂದುಬಿಟ್ಟಿತು.

"ಸಾರ್, ನಿಮ್ಮ ಉಪಕಾರ ನಾನು ಮರೆಯಲ್ಲ."

"ಯಾವ ಉಪಕಾರ? ನಾನು ಬಾಯಿ ಬಿಟ್ನಾ?"

"ಬೆರಳು ಬಡಿದ್ರಲ್ಲ ಸಾರ್! ಆ ನೋವಲ್ಲಿ ನಿಂತ್ರಲ್ಲ! ನನ್ನ ಶಿಷ್ಯರನ್ನೆಲ್ಲ ಫೇಲ್ ಮಾಡಿದೋರು ನಂಗೆ ಮಾತ್ರ ಯಾಕೆ ಸಾರ್?"

ಇನ್ಸ್‌ಪೆಕ್ಟರು ನೀರು ಕುಡಿದು, ಮೀಸೆ ಒರೆಸಿಕೊಂಡು, ಆಕೆಯನ್ನು ವಿಚಿತ್ರವಾಗಿ ನೋಡಿದರು. "ನಿಮಗೆ ಮಾತ್ರ ಅಂತ ಯಾರು ಹೇಳಿದ್ದು? ಎಲ್ಲರಿಗೂ ಬಡೀತಿದ್ದೆ. ಕಾರು ನಿಂತ ಕೂಡಲೇ ಫೇಲ್ ಅಂತ ಬರೆದು ಇಳೀಬೋದಿತ್ತಲ್ಲ, ಅಷ್ಟೊತ್ತು ಯಾಕೆ ಕೂತಿರ್ತಿದ್ದೆ ಅಂದ್ಕೊಂಡ್ರಿ? ಬಿಸಿಲು ಕಾಯೋಕಾ? ಒಂದು ಸಲ ಈ ಕಡೆ ತಿರುಗಿ ಬೆರಳು ನೋಡಿದ್ರೆ ನೆನಪಾಗ್ತಿತ್ತು. ಬೇರೆ ಸ್ಕೂಲಿನವರು ನೋಡ್ತಿದ್ರು, ಎಳೀತಿದ್ರು, ಪಾಸಾಗ್ತಿದ್ರು."

"ಮತ್ತೆ ನಮ್ಮೋರು?"

"ನಿಮ್ಮೋರು ಎಲ್ಲಿ ನನ್ನ ಕಡೆ ನೋಡ್ತಿದ್ರು ಟೀಚರ್? ಎಲ್ಲರೂ ಕಿಟಕಿಯಾಚೆ ನಿಮ್ಮನ್ನೇ ನೋಡ್ತಿದ್ರು. ಅಲ್ಲಿ ನೀವು ಕೈ ಬೀಸ್ಕೊಂಡು ಕುಣೀತಿದ್ರಿ. ಪಾಪ, ಟೀಚರ್‌ಗೆ ಏನಾಯ್ತೋ ಅಂತ ಅವರಿಗೆ ಗಾಬರಿ."

ಬ್ರೇಕಕ್ಕ ಖಾಲಿ ಲೋಟ ಇಸಿದುಕೊಂಡು ನಿಂತಲ್ಲೇ ನಿಂತಳು. ಎಷ್ಟು ವರ್ಷ ಈ ಮನುಷ್ಯನಿಗೆ ಹಿಡಿಶಾಪ ಹಾಕಿದ್ದಳು! ಎಷ್ಟು ಶಿಷ್ಯರ ಬೆನ್ನು ತಟ್ಟಿ, ನಿಂದೇನೂ ತಪ್ಪಿಲ್ಲ, ಆ ಫೇಲಪ್ಪನೇ ಹಾಗೆ, ಎಂದಿದ್ದಳು! ನಾಚಿಕೆಯಿಂದ ಕಿವಿಯ ತನಕ ಬಿಸಿಯಾಯಿತು. ಅದರ ಹಿಂದೆಯೇ ನಗುವೂ ಬಂತು, ತಡೆದರೂ ನಿಲ್ಲಲಿಲ್ಲ. ಆಕೆ ನಕ್ಕಿದ್ದಕ್ಕೆ ಇನ್ಸ್‌ಪೆಕ್ಟರೂ ನಕ್ಕರು, ಹೊಲಿಗೆ ಎಳೆದು "ಅಮ್ಮಾ" ಎಂದರು.

ಅವತ್ತು ಸಂಜೆ ಮನೆಗೆ ಹೋಗಿ ಎಲ್ಲ ಹೇಳಿದಾಗ ಗಂಡ ಕನ್ನಡಕ ಒರೆಸಿಕೊಂಡ, ಒರೆಸಿದ ಮೇಲೆ ಕಣ್ಣೂ ಒರೆಸಿಕೊಂಡ. ಅತ್ತೆ, "ನಾನು ಅಷ್ಟು ಚೆನ್ನಾಗಿ ನರಳದೇ ಇದ್ದಿದ್ರೆ ಎಲ್ಲಿ ಪಾಸಾಗ್ತಿದ್ದೆ?" ಎಂದು ಕೀರ್ತಿಯನ್ನು ತಮ್ಮ ಕಡೆ ಎಳೆದುಕೊಂಡರು.

ಮಾರನೆಯ ದಿನ ಇನ್ಸ್‌ಪೆಕ್ಟರು ವಾಕರ್ ಹಿಡಿದು ಹಾಸಿಗೆಯಿಂದ ಬಾಗಿಲ ತನಕ ನಡೆಯಬೇಕಿತ್ತು. ಆಕೆ ಅರ್ಧ ಹೆಜ್ಜೆ ಹಿಂದೆ, ಪಕ್ಕದಲ್ಲಿ ಇದ್ದಳು. ಅವರು ಒಂದು ಕಡೆ ಸ್ವಲ್ಪ ವಾಲಿದರು. ಆಕೆಯ ಗಂಟಲಿನ ತನಕ ಕೂಗು ಬಂತು, ನುಂಗಿಕೊಂಡಳು. ಅವರು ತಾವೇ ಸರಿಮಾಡಿಕೊಂಡು ಮುಂದಿನ ಹೆಜ್ಜೆ ಇಟ್ಟರು.

"ಟೀಚರ್, ಕೈ ಬೀಸ್ತಿಲ್ಲ ತಾನೇ?"

"ಇಲ್ಲ ಸಾರ್. ಕೈ ಪಟ್ಟಿ ಹತ್ರಾನೇ ಇದೆ, ಎಳೀತಿಲ್ಲ."

"ಕಾಲು?"

ಬ್ರೇಕಕ್ಕ ಕೆಳಗೆ ನೋಡಿದಳು. ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು.

"ಅದೊಂದು ಬಿಟ್ಬಿಡಿ ಸಾರ್," ಎಂದಳು. "ಅದು ಹೀಗೇ ಒತ್ಕೊಂಡು ನಿಮ್ಮ ಜೊತೆ ಬಾಗಿಲ ತನಕ ಬರುತ್ತೆ."